ಅರವತ್ತೊಂದನೇ ಪ್ರಶ್ನೆ

ಗೆ,
ಮಾನ್ಯ ಆಯುಕ್ತರು,
ಶಾಲಾ ಶಿಕ್ಷಣ ಇಲಾಖೆ,
ನೃಪತುಂಗ ರಸ್ತೆ, ಬೆಂಗಳೂರು.

ವಿಷಯ: ಪೋಷಕರ ಸಭೆಯನ್ನು ಪೋಷಕರು ಬರಲು ಆಗುವ ಹೊತ್ತಿಗೆ ಇಡುವ ಬಗ್ಗೆ, ಮತ್ತು ಅಲ್ಲಿ ಮಕ್ಕಳ ಓದಿನ ಮಾತು ಆಡುವ ಬಗ್ಗೆ.

ಮಾನ್ಯರೇ,

ನಾನು ಪೀಣ್ಯದ ಒಂದು ಗಾರ್ಮೆಂಟ್ಸ್‌ನಲ್ಲಿ ಟೈಲರ್. ಮನೆ ಸುಂಕದಕಟ್ಟೆ ಹತ್ತಿರ. ಮಗ ಸರ್ಕಾರಿ ಶಾಲೆಯಲ್ಲಿ ಐದನೇ ಕ್ಲಾಸು, ಮಗಳು ಅದೇ ಶಾಲೆಯಲ್ಲಿ ಎರಡನೇ ಕ್ಲಾಸು. ನಾನು ಎಸ್‌ಎಸ್‌ಎಲ್‌ಸಿ ಪಾಸಾದವಳು. ಬೀದಿಯವರಿಗೆಲ್ಲ ಅರ್ಜಿ ಬರೆದುಕೊಟ್ಟು ಅಭ್ಯಾಸ ಇದೆ, ಆದರೆ ಇಷ್ಟುದ್ದದ ಪತ್ರ ಇದೇ ಮೊದಲು. ತಪ್ಪಿದ್ದರೆ ಮನ್ನಿಸಿ.

2025ರ ಅಕ್ಟೋಬರ್‌ನಲ್ಲಿ ಜಾತಿ ಸಮೀಕ್ಷೆ ನಡೆಯಿತಲ್ಲ, ಅಲ್ಲಿಂದಲೇ ಶುರು ಮಾಡುತ್ತೇನೆ. ಸಮೀಕ್ಷೆಯವರು ಹಗಲಲ್ಲಿ ಎರಡು ಸಲ ನಮ್ಮ ಮನೆಗೆ ಬಂದು, ಬೀಗ ನೋಡಿಕೊಂಡು ವಾಪಸ್ ಹೋಗಿದ್ದರಂತೆ. ಮೂರನೇ ಸಲ ರಾತ್ರಿ ಏಳೂವರೆಗೆ ಬಂದರು. ಬಾಗಿಲು ತೆಗೆದರೆ ಎದುರಿಗೆ ನಮ್ಮ ಹುಡುಗನ ಗಣಿತದ ಮಿಸ್ಸು! ಅವನು ಮಂಚದ ಹಿಂದೆ ಓಡಿಹೋದ. ತನ್ನ ಮೇಲೆ ದೂರು ಹೇಳೋಕೆ ಬಂದಿದ್ದಾರೆ ಅಂದುಕೊಂಡಿದ್ದ ಪಾಪ.

ಮಿಸ್ಸು ಫೋನಿನ ಆ್ಯಪ್ ನೋಡಿಕೊಂಡು ಒಟ್ಟು 60 ಪ್ರಶ್ನೆ ಕೇಳಬೇಕಿತ್ತು. ಓಟಿಪಿ ಬರುವುದಕ್ಕೇ ಸುಮಾರು ಹೊತ್ತು ಹಿಡಿಯಿತು. ಫೋನ್ ಹಿಡಿದುಕೊಂಡು ಬಾಗಿಲ ಹತ್ತಿರ, ಮೆಟ್ಟಿಲ ಹತ್ತಿರ ಹೋಗಿ ನಿಂತು ನೋಡಿದರು. ಕೊನೆಗೂ ಎಲ್ಲ ಮುಗಿಯಿತು. ನಾನು ಕೊಟ್ಟ ಟೀ ಕುಡಿಯುತ್ತಾ ಅವರು ಸುತ್ತ ಕಣ್ಣಾಡಿಸಿದರು. ಆಮೇಲೆ ಕೇಳಿದರು: 'ಇವನು ಎಲ್ಲಿ ಕೂತು ಬರೀತಾನೆ?'

ಅದು ಆ್ಯಪಿನಲ್ಲಿ ಇಲ್ಲದ ಪ್ರಶ್ನೆ. ನಾನು ಅದಕ್ಕೆ ಅರವತ್ತೊಂದನೇ ಪ್ರಶ್ನೆ ಅಂತ ಹೆಸರಿಟ್ಟಿದ್ದೇನೆ.

ನಮ್ಮದು ಒಂದು ರೂಮು, ಒಂದು ಅಡುಗೆಮನೆ. ರಾತ್ರಿ ನಾನು ಸೀರೆ ಫಾಲ್ಸ್ ಹಾಕುತ್ತೇನೆ, ಬ್ಲೌಸ್ ಹೊಲಿಯುತ್ತೇನೆ. ನನ್ನ ಮಿಷನ್ನಿನ ಲೈಟಿನ ಪಕ್ಕದಲ್ಲೇ ಅವನು ನೆಲದ ಮೇಲೆ ಕೂತು ಬರೆಯುತ್ತಾನೆ. ಮಿಸ್ಸು ಅವನ ನೋಟ್ ಬುಕ್ ತರಿಸಿ ನೋಡಿದರು. ಭಿನ್ನರಾಶಿ ಲೆಕ್ಕ. ಅರ್ಧಕ್ಕೆ ಕಾಲು ಕೂಡಿಸು ಅಂತ ಇದ್ದರೆ ಇವನು ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಿಸಿ 2/6 ಅಂತ ಬರೆದಿದ್ದ. ಪುಟಗಟ್ಟಲೆ ಅದೇ ತಪ್ಪು, ಪುಟಗಟ್ಟಲೆ ಕೆಂಪು ಗೆರೆ. ಪ್ರತಿ ಕೆಂಪು ಗೆರೆಯ ಕೆಳಗೆ ನನ್ನ ಸಹಿ. ಯಾಕೆಂದರೆ 'ಪೋಷಕರ ಸಹಿ ಹಾಕಿಸಿಕೊಂಡು ಬಾ' ಅಂತ ಹೇಳಿ ಕಳಿಸುತ್ತಿದ್ದರು, ನಾನು ಹಾಕುತ್ತಿದ್ದೆ.

ಗೋಡೆಯ ಮೊಳೆಯಲ್ಲಿ ನನ್ನ ಅಳತೆ ಟೇಪು ನೇತಾಡುತ್ತಿತ್ತು. ಮಿಸ್ಸು ಅದನ್ನು ತೆಗೆದು ಅವನ ಕೈಗೆ ಕೊಟ್ಟರು. 'ಅರ್ಧ ಇಂಚು ತೋರಿಸೋ' ಅಂದರು. ತೋರಿಸಿದ. 'ಅದಕ್ಕೆ ಕಾಲು ಇಂಚು ಸೇರಿಸು.' ಹುಡುಗ ಎರಡು ಗೆರೆ ಮುಂದೆ ಬೆರಳಿಟ್ಟು 'ಮುಕ್ಕಾಲು ಮಿಸ್' ಅಂದ. ಒಂದಿಂಚಿಗೆ ಎಂಟು ಗೆರೆ ಅಂತ ಅವನಿಗೆ ಚಿಕ್ಕಂದಿನಿಂದ ಗೊತ್ತು. ನಾನು ಕೈಯಲ್ಲಿ ಬಟ್ಟೆ ಹಿಡಿದುಕೊಂಡು 'ಆರ್ಮ್‌ಹೋಲ್ ಎಷ್ಟು ಬಂತು ನೋಡಿ ಹೇಳೋ' ಅಂದರೆ ಸರಿಯಾಗಿ ಓದಿ ಹೇಳುತ್ತಾನೆ. ಮಿಸ್ಸು ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. 'ಇವನಿಗೆ ಬರುತ್ತಲ್ರೀ!' ಅಂದರು. ಬರುತ್ತದೆ ಅಂತ ಅವರಿಗೆ ಗೊತ್ತಿರಲಿಲ್ಲ. ಬರಲ್ಲ ಅಂತ ನನಗೆ ಗೊತ್ತಿರಲಿಲ್ಲ.

ದಸರಾ ರಜೆ ಮುಗಿದ ಮೇಲೆ ಅವರು ಕ್ಲಾಸಿಗೆ ನಾಲ್ಕು ಟೇಪು ತಂದರಂತೆ. ಈಗ ಇವನ ಲೆಕ್ಕ ಎಲ್ಲ ಸರಿಹೋಯಿತು ಅಂತ ನಾನು ಸುಳ್ಳು ಹೇಳಲ್ಲ. ಭಾಗಾಕಾರಕ್ಕೆ ಇನ್ನೂ ಅಳುತ್ತಾನೆ. ಆದರೆ ಭಿನ್ನರಾಶಿಗೆ ಹೆದರುವುದು ನಿಂತಿದೆ. ಅದಕ್ಕೆ ಬೇಕಾಗಿದ್ದು ಹತ್ತು ನಿಮಿಷ, ಎರಡು ಜನ ದೊಡ್ಡವರು, ಒಂದು ನೋಟ್ ಬುಕ್ಕು.

ಈಗ ನನ್ನ ದೂರಿಗೆ ಬರುತ್ತೇನೆ. ಸಮೀಕ್ಷೆಗೆ ಬಂದವರು ಬೀಗ ನೋಡಿ 'ಈ ಮನೆಯವರಿಗೆ ಆಸಕ್ತಿ ಇಲ್ಲ' ಅಂತ ಬರೆದುಕೊಂಡು ಹೋಗಲಿಲ್ಲ. ನಾವು ಸಿಗುವ ಹೊತ್ತಿಗೆ ಮತ್ತೆ ಬಂದರು. ಸರ್ಕಾರಕ್ಕೆ ಬೇಕು ಅಂತ ಅನ್ನಿಸಿದರೆ ನಮ್ಮ ಹೊತ್ತು ಅದಕ್ಕೆ ಗೊತ್ತಾಗುತ್ತದೆ. ಪೋಷಕರ ಸಭೆ ಅಂದಾಗ ಮಾತ್ರ ಅದು ಯಾಕೆ ಯಾವಾಗಲೂ ವಾರದ ಮಧ್ಯೆ, ಹಗಲು ಹನ್ನೊಂದು ಗಂಟೆಗೆ? ಆಮೇಲೆ ಬರದವರ ಹೆಸರಿನ ಮುಂದೆ 'ಗೈರು'. ಮಾತಿನಲ್ಲಿ ಅದು 'ಈ ತಂದೆ ತಾಯಿಗೆ ಮಕ್ಕಳ ಮೇಲೆ ಕಾಳಜಿನೇ ಇಲ್ಲ' ಅಂತಾಗುತ್ತದೆ.

ನಾನು ಹಾಫ್ ಡೇ ಹಾಕಿದರೆ ಅರ್ಧ ದಿನದ ಸಂಬಳ ಹೋಗುತ್ತದೆ, ಆ ತಿಂಗಳ ಅಟೆಂಡೆನ್ಸ್ ಬೋನಸ್ಸೂ ಹೋಗುತ್ತದೆ. ಸೂಪರ್‌ವೈಸರ್ ಹತ್ತಿರ ಗೇಟ್ ಪಾಸ್ ಕೇಳಬೇಕು. ನನ್ನ ಲೈನಿನ ಟಾರ್ಗೆಟ್ ಪಕ್ಕದವಳ ತಲೆ ಮೇಲೆ ಬೀಳುತ್ತದೆ. 2023ರ ಜೂನ್‌ನಿಂದ ನಮಗೆ ಬಸ್ಸು ಫ್ರೀ, ಅದಕ್ಕೆ ಸರ್ಕಾರಕ್ಕೆ ಕೈ ಮುಗಿಯುತ್ತೇನೆ. ಆದರೆ ನಮಗೆ ದುಬಾರಿ ಆಗಿರುವುದು ಟಿಕೆಟ್ ಅಲ್ಲ, ಹೊತ್ತು. ಈ ಭಾಗದಲ್ಲಿ ನಮ್ಮಂಥ ಹೆಂಗಸರು ಎಷ್ಟು ಜನ ಇದ್ದಾರೆ ಅಂತ ಬೆಳಗ್ಗೆ ಎಂಟೂವರೆಗೆ ಮಾಗಡಿ ರೋಡಿನ ಬಸ್ ಸ್ಟಾಪಿನಲ್ಲಿ ನಿಂತು ನೋಡಿ, ಗೊತ್ತಾಗುತ್ತದೆ.

ಆದರೂ ನವೆಂಬರ್ 14ರ ಸಭೆಗೆ ಹೋದೆ. ಮಕ್ಕಳ ದಿನಾಚರಣೆ ಜೊತೆಗೇ ಇಟ್ಟಿದ್ದರು. ಶುಕ್ರವಾರ. ಟೇಪಿನ ವಿಷಯ ನಡೆದ ಮೇಲೆ ನನಗೆ ಆಸೆ ಬಂದಿತ್ತು, ಈ ಸಲ ಕನ್ನಡ, ಪರಿಸರ ಎಲ್ಲದರ ಬಗ್ಗೆಯೂ ಕೂತು ಕೇಳಬೇಕು ಅಂತ. ಶಾಮಿಯಾನ ಹಾಕಿದ್ದರು. ಪ್ರಾರ್ಥನೆ, ಸ್ವಾಗತ, ಹಾರ, ಶಾಲು. ಇಬ್ಬರು ಗಣ್ಯರ ಭಾಷಣ. ಒಂದು ಗಂಟೆ ಇಪ್ಪತ್ತು ನಿಮಿಷ ಅದೇ ಆಯಿತು. ಆಮೇಲೆ ಒಂದು ರಿಜಿಸ್ಟರ್ ಸುತ್ತಿಸಿದರು, ಸಹಿ ಹಾಕಿದೆವು. ಕೊನೆಗೆ ಮೈಕಿನಲ್ಲಿ ಹೇಳಿದ್ದು ಇಷ್ಟು: ಮನೆಯಲ್ಲಿ ಮಕ್ಕಳ ಕಡೆ ಗಮನ ಕೊಡಿ, ಮೊಬೈಲ್ ಕೊಡಬೇಡಿ, ತಪ್ಪದೇ ಶಾಲೆಗೆ ಕಳಿಸಿ. ಒಬ್ಬ ಹುಡುಗ ಜಾಸ್ತಿ ರಜೆ ಹಾಕುತ್ತಾನೆ ಅಂತ ಅವನ ಅಮ್ಮನನ್ನು ಎಲ್ಲರ ಮುಂದೆ ಎಬ್ಬಿಸಿ ನಿಲ್ಲಿಸಿ ಕೇಳಿದರು. ಆಕೆ ಸೆರಗು ಬಾಯಿಗೆ ಇಟ್ಟುಕೊಂಡು ನಿಂತಿದ್ದಳು. ಮುಂದಿನ ಸಭೆಗೆ ಆಕೆ ಬರುತ್ತಾಳೆ ಅಂತ ನಿಮಗೆ ಅನ್ನಿಸುತ್ತದಾ?

ನನ್ನ ಗಣಿತದ ಮಿಸ್ಸು ಆವತ್ತು ಊಟ ಬಡಿಸುವ ಕಡೆ ಇದ್ದರು. ದೂರದಿಂದಲೇ ನಕ್ಕರು. ಅಷ್ಟೇ.

ಸುಮ್ನೆ ಬೇಜಾರಿಗೆ ಹೇಳುತ್ತಿಲ್ಲ ಸಾರ್. ನಾನು ಎಸ್‌ಡಿಎಂಸಿ, ಅಂದರೆ ಶಾಲೆಯ ಅಭಿವೃದ್ಧಿ ಮತ್ತು ಉಸ್ತುವಾರಿ ಸಮಿತಿಯ ಸದಸ್ಯೆ. ಸದಸ್ಯೆ ಆದ ಮೇಲೆ ಶಿಕ್ಷಣ ಹಕ್ಕು ಕಾಯ್ದೆಯನ್ನು ಕನ್ನಡದಲ್ಲಿ ಓದಿದೆ. 2009ರ ಕಾಯ್ದೆ, 2010ರ ಏಪ್ರಿಲ್ 1ರಿಂದ ಜಾರಿ. ಅದರ 24ನೇ ಸೆಕ್ಷನ್ನಿನಲ್ಲಿ ಶಿಕ್ಷಕರ ಕೆಲಸ ಏನು ಅಂತ ಬರೆದಿದೆ. ತಂದೆ ತಾಯಿ ಜೊತೆ ನಿಯಮಿತವಾಗಿ ಸಭೆ ನಡೆಸಬೇಕು. ಮಗುವಿನ ಹಾಜರಿ, ಕಲಿಯುವ ಸಾಮರ್ಥ್ಯ, ಕಲಿಕೆಯಲ್ಲಿ ಆದ ಪ್ರಗತಿ ಇವನ್ನೆಲ್ಲ ತಿಳಿಸಬೇಕು. ಹಾಜರಿ ಮಾತು ನಮ್ಮ ಸಭೆಯಲ್ಲಿ ಆಯಿತು. ಉಳಿದ ಎರಡು ಎಲ್ಲಿ ಹೋದವು?

ಎಸ್‌ಡಿಎಂಸಿ ಕಥೆಯೂ ಹೇಳಿಬಿಡುತ್ತೇನೆ. ನಮ್ಮ ರಾಜ್ಯದಲ್ಲಿ ಈ ಸಮಿತಿ ಕಾಯ್ದೆಗೂ ಮುಂಚೆ, 2001ರಲ್ಲೇ ಬಂತು. ಅದು ಹೆಮ್ಮೆ ಪಡುವ ವಿಷಯ. ಕಾಯ್ದೆಯ ಪ್ರಕಾರ ಸಮಿತಿಯಲ್ಲಿ ಮುಕ್ಕಾಲು ಭಾಗ ಪೋಷಕರೇ ಇರಬೇಕು, ಅರ್ಧ ಹೆಂಗಸರಿರಬೇಕು. ಶಾಲೆಯ ಅಭಿವೃದ್ಧಿ ಯೋಜನೆ ನಾವು ತಯಾರು ಮಾಡಬೇಕು. ನಾನು ಸದಸ್ಯೆ ಆದಮೇಲೆ ಎರಡು ಸಭೆಗೆ ಹೋಗಿದ್ದೇನೆ. ಎರಡರಲ್ಲೂ ಮಾತು ಕಾಂಪೌಂಡು, ಟಾಯ್ಲೆಟ್ಟಿನ ನೀರಿನ ನಲ್ಲಿ, ಧ್ವಜಾರೋಹಣದ ಸಿಹಿ. ಬೇಡ ಅನ್ನಲ್ಲ, ನಲ್ಲಿ ಇಲ್ಲದಿದ್ದರೆ ಹೆಣ್ಣುಮಕ್ಕಳು ಶಾಲೆಗೇ ಬರಲ್ಲ. ಆದರೆ ಮೂರನೇ ಕ್ಲಾಸಿನಲ್ಲಿ ಎಷ್ಟು ಮಕ್ಕಳಿಗೆ ಓದಲು ಬರುತ್ತದೆ ಅಂತ ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಮೂರನೇ ಸಭೆ ನಡೆಯಲೇ ಇಲ್ಲ. ಒಬ್ಬ ಹುಡುಗನ ಕೈಯಲ್ಲಿ ರಿಜಿಸ್ಟರ್ ಮನೆಗೆ ಬಂತು. 'ಆಂಟಿ, ಇಲ್ಲಿ ಸೈನ್ ಮಾಡ್ಬೇಕಂತೆ.' ಮಾಡಿದೆ. ಆ ತಪ್ಪು ನನ್ನದೂ ಹೌದು.

ತಪ್ಪಿನ ಮಾತು ಬಂತಲ್ಲ, ನಮ್ಮ ಕಡೆಯದನ್ನೂ ಮುಚ್ಚಿಡಲ್ಲ. ಸಂವಿಧಾನದಲ್ಲೂ ಇದೆ, 51ಎ ವಿಧಿಯಲ್ಲಿ. ಆರರಿಂದ ಹದಿನಾಲ್ಕು ವರ್ಷದ ಮಗುವಿಗೆ ಓದುವ ಅವಕಾಶ ಕೊಡುವುದು ತಂದೆ ತಾಯಿಯ ಕರ್ತವ್ಯ ಅಂತ 2002ರಲ್ಲಿ ಸೇರಿಸಿದ್ದಾರೆ. ನಾವು ಏನು ಮಾಡುತ್ತೇವೆ? ಟ್ಯೂಷನ್‌ಗೆ ಹಾಕಿದರೆ ನಮ್ಮ ಕೆಲಸ ಮುಗಿಯಿತು ಅಂದುಕೊಳ್ಳುತ್ತೇವೆ. ಮಾರ್ಕ್ಸ್ ಕಮ್ಮಿ ಬಂದರೆ ಹೊಡೆಯುತ್ತೇವೆ. ಒಂಬತ್ತು ಗಂಟೆ ಸೀರಿಯಲ್ಲಿಗೆ ಮಕ್ಕಳ ಬಾಯಿ ಮುಚ್ಚಿಸುತ್ತೇವೆ. ನಾನು ಇವನ್ನೆಲ್ಲ ಮಾಡಿದ್ದೇನೆ. ಆದರೆ 'ಗಮನ ಕೊಡಿ' ಅಂದರೆ ಏನು ಮಾಡಬೇಕು ಅಂತ ಯಾರಾದರೂ ಹೇಳಿದ್ದರೆ ಮಾಡುತ್ತಿದ್ದೆನೋ ಏನೋ. 'ದಿನಾ ರಾತ್ರಿ ಹತ್ತು ನಿಮಿಷ ಅವನು ಜೋರಾಗಿ ಓದಲಿ, ನೀವು ಹೊಲಿಯುತ್ತಲೇ ಕೇಳಿಸಿಕೊಳ್ಳಿ' ಅಂದರೆ ಅದು ನನ್ನಿಂದ ಆಗುವ ಕೆಲಸ. ಆ ಸಲಹೆ ಕೊಟ್ಟಿದ್ದೂ ಆ ಮಿಸ್ಸೇ, ಟೀ ಲೋಟ ಕೆಳಗಿಡುತ್ತಾ.

ಮಗಳ ವಿಷಯ ಬೇರೆ. ಎರಡನೇ ಕ್ಲಾಸು, ನಲಿ-ಕಲಿ, ಅಂದರೆ ಆಡುತ್ತಾ ಕಲಿಯುವ ಪದ್ಧತಿ. ಮೊದಲ ವರ್ಷ ನನಗೆ ಕೋಪವೇ ಬರುತ್ತಿತ್ತು. ನೋಟ್ ಬುಕ್ಕಿನಲ್ಲಿ ಏನೂ ಇರಲ್ಲ, ಹೋಮ್‌ವರ್ಕ್ ಇಲ್ಲ, ಕೇಳಿದರೆ 'ಕಾರ್ಡ್ ಆಡಿದ್ವಿ' ಅನ್ನುತ್ತಾಳೆ. ನಮ್ಮ ಬೀದಿಯ ಮೂರು ಮನೆಯವರು ಇದೇ ಕಾರಣಕ್ಕೆ ಮಕ್ಕಳನ್ನು ಬಿಡಿಸಿ, ಸಾಲ ಮಾಡಿ, ಇಂಗ್ಲಿಷ್ ಮೀಡಿಯಂ ಕಾನ್ವೆಂಟಿಗೆ ಹಾಕಿದರು. ನಾನೂ ಫಾರ್ಮ್ ತಂದಿಟ್ಟುಕೊಂಡಿದ್ದೆ. ಒಂದು ದಿನ ಮಗಳಿಗೆ ಜ್ವರ ಅಂತ ಕರೆದುಕೊಂಡು ಬರಲು ಹೋದಾಗ ಅವಳ ಕ್ಲಾಸಿನೊಳಗೆ ಕಾಲು ಗಂಟೆ ನಿಂತಿದ್ದೆ. ಮೇಲೆ ದಾರದ ಚಪ್ಪರ, ಅದರಲ್ಲಿ ಮಕ್ಕಳು ಮಾಡಿದ್ದೆಲ್ಲ ನೇತುಹಾಕಿದ್ದಾರೆ. ಕೆಳಗೆ ಗೋಡೆಗೆ ಮಕ್ಕಳ ಎತ್ತರಕ್ಕೆ ಕಪ್ಪು ಹಲಗೆ. ಗುಂಪು ಗುಂಪಾಗಿ ಕೂತಿದ್ದಾರೆ. ಒಂದು ಗುಂಪಿಗೆ ಮಿಸ್ಸು ಹೇಳಿಕೊಡುತ್ತಾರೆ, ಇನ್ನೊಂದು ಗುಂಪು ತಮ್ಮಷ್ಟಕ್ಕೆ ತಾವೇ ಮಾಡುತ್ತದೆ. ಕಲಿಕಾ ಏಣಿ ಅಂತ ಇದೆ, ಪ್ರತಿ ಮಗು ತನ್ನ ಮೆಟ್ಟಿಲಿನಿಂದ ಹತ್ತುತ್ತಾ ಹೋಗುತ್ತದೆ. ನನ್ನ ಮಗಳು ಜ್ವರದಲ್ಲೂ ನನ್ನ ಕೈ ಹಿಡಿದು ಅವಳ ಮೆಟ್ಟಿಲು ತೋರಿಸಿದಳು. ಮನೆಗೆ ಬಂದು ಆ ಫಾರ್ಮು ಹರಿದುಹಾಕಿದೆ.

ಇದು ತೊಂಬತ್ತರ ದಶಕದಲ್ಲಿ ಹೆಗ್ಗಡದೇವನಕೋಟೆಯ ಶಾಲೆಗಳಲ್ಲಿ ಶುರುವಾಗಿ, ಆಮೇಲೆ ರಾಜ್ಯಕ್ಕೆಲ್ಲ ಹಬ್ಬಿದ ಪದ್ಧತಿ ಅಂತ ಆಮೇಲೆ ತಿಳಿಯಿತು. ಇಷ್ಟು ವರ್ಷದ ಕೆಲಸವನ್ನು ಪೋಷಕರಿಗೆ ಕಾಲು ಗಂಟೆ ತೋರಿಸಿದ್ದರೆ ಆ ಮೂರು ಮನೆಯವರು ಸಾಲ ಮಾಡುತ್ತಿರಲಿಲ್ಲ ಅನ್ನಿಸುತ್ತದೆ. ನೀವು ಪ್ರತಿ ವರ್ಷ 'ದಾಖಲಾತಿ ಆಂದೋಲನ' ಅಂತ ಬ್ಯಾನರ್ ಹಿಡಿಸಿ ಮಕ್ಕಳ ಮೆರವಣಿಗೆ ಮಾಡಿಸುತ್ತೀರಿ. ಬ್ಯಾನರ್ ನೋಡಿ ಮಗು ಸೇರಿಸಿದವರನ್ನು ನಾನಂತೂ ನೋಡಿಲ್ಲ.

ಎದುರಿನ ಶೆಡ್ಡಿನಲ್ಲಿ ಯಾದಗಿರಿ ಕಡೆಯ ಸಂಸಾರ ಇದೆ. ಗಂಡ ಹೆಂಡತಿ ಇಬ್ಬರೂ ಬಿಲ್ಡಿಂಗ್ ಕೆಲಸ. ಆಕೆಗೆ ಓದಲು ಬರಲ್ಲ. ಶಾಲೆಯ ವಾಟ್ಸಾಪ್ ಗ್ರೂಪಿಗೆ ಮೆಸೇಜ್ ಬಂದರೆ ಫೋನ್ ಹಿಡಿದುಕೊಂಡು ನನ್ನ ಬಾಗಿಲಿಗೆ ಬರುತ್ತಾಳೆ. 'ಅಕ್ಕಾ, ಇದರಾಗ ಏನ್ ಬರದಾರ ನೋಡ್ರಿ.' ನೋಡಿದರೆ 'ನಾಳೆ ಎಫ್‌ಎ-2' ಅಂತ ಇರುತ್ತದೆ. ಆಕೆಗಿರಲಿ, ನನಗೇ ಅದು ವರ್ಷದ ನಡುವೆ ಇಡುವ ಒಂದು ಸಣ್ಣ ಪರೀಕ್ಷೆ ಅಂತ ಗೊತ್ತಾಗಲು ಒಂದು ವರ್ಷ ಬೇಕಾಯಿತು. ಕನ್ನಡದಲ್ಲಿ ಕೇಳಿದೆ, 'ರೂಪಣಾತ್ಮಕ ಮೌಲ್ಯಮಾಪನ' ಅಂದರು. ಎಫ್‌ಎ ಅನ್ನುವುದೇ ವಾಸಿ! ಪ್ರಗತಿ ಪತ್ರದಲ್ಲಿ ಅವಳ ಮಗನಿಗೆ 'ಬಿ' ಅಂತ ಬಂದಿತ್ತು. ಒಳ್ಳೇದಾ ಕೆಟ್ಟದ್ದಾ ಅಂತ ಕೇಳಿದಳು. ಏನು ಹೇಳಲಿ? ಅವನಿಗೆ ಒತ್ತಕ್ಷರ ಬರಲ್ಲ, ದಶಕ ತಗೊಂಡು ಕಳೆಯುವುದು ಬರಲ್ಲ ಅಂತ ಅದರಲ್ಲಿ ಎಲ್ಲೂ ಬರೆದಿರಲಿಲ್ಲ. ಅವಳು ಹೆಬ್ಬೆಟ್ಟು ಒತ್ತಿ ಕಳಿಸಿದಳು.

ಮೇಷ್ಟ್ರುಗಳ ಕಷ್ಟ ನನಗೆ ಗೊತ್ತಿಲ್ಲದೆ ಇಲ್ಲ. ಪ್ರೈಮರಿಯಲ್ಲಿ 30 ಮಕ್ಕಳಿಗೆ ಒಬ್ಬ ಶಿಕ್ಷಕರು ಅಂತ ಕಾಯ್ದೆ ಹೇಳುತ್ತದೆ. ನಮ್ಮ ಶಾಲೆಯಲ್ಲಿ ಒಬ್ಬರೇ ಮಿಸ್ಸು ಎರಡು ಕ್ಲಾಸನ್ನು ಒಂದೇ ರೂಮಿನಲ್ಲಿ ನೋಡಿಕೊಳ್ಳುತ್ತಾರೆ. ಹಾಲು, ಮೊಟ್ಟೆ, ಬಿಸಿಯೂಟದ ಲೆಕ್ಕ, ಮಕ್ಕಳ ವಿವರ ಕಂಪ್ಯೂಟರಿಗೆ ಹಾಕುವ ಎಸ್‌ಎಟಿಎಸ್ ಎಂಟ್ರಿ, ಚುನಾವಣೆ, ಸಮೀಕ್ಷೆ. ಆ ಮಿಸ್ಸು ರಾತ್ರಿ ಏಳೂವರೆಗೆ ನಮ್ಮ ಮೆಟ್ಟಿಲು ಹತ್ತಿದಾಗ ಅವರ ಮನೆಯಲ್ಲೂ ಒಂದು ಮಗು ಕಾಯುತ್ತಿತ್ತು. ಅವರೇ ಹೇಳಿದರು. ಅದಕ್ಕೇ ಈ ಪತ್ರ ಹೆಡ್ ಮಿಸ್ಸಿಗೆ ಬರೆಯದೆ ನಿಮಗೆ ಬರೆಯುತ್ತಿದ್ದೇನೆ. ಹೊತ್ತು ಬದಲಾಯಿಸುವುದು ಅವರ ಕೈಯಲ್ಲಿಲ್ಲ. ನಿಮ್ಮ ಒಂದು ಸುತ್ತೋಲೆಯಲ್ಲಿದೆ.

ನಾನು ಕೇಳುವುದು ದೊಡ್ಡದೇನಲ್ಲ. ವರ್ಷದಲ್ಲಿ ಕನಿಷ್ಠ ಎರಡು ಪೋಷಕರ ಸಭೆಯನ್ನು ಭಾನುವಾರ ಬೆಳಗ್ಗೆ ಇಡಿಸಿ. ಶಿಕ್ಷಕರಿಗೆ ಅದಕ್ಕೆ ಬದಲಿ ರಜೆಯನ್ನು ಅದೇ ಸುತ್ತೋಲೆಯಲ್ಲಿ ಬರೆದು ಕೊಡಿ. ಅವರ ಭಾನುವಾರ ಕಿತ್ತುಕೊಂಡು ನಮಗೆ ಒಳ್ಳೇದಾಗುವುದು ಬೇಡ. ಭಾನುವಾರ ಆಗುವುದೇ ಇಲ್ಲ ಅಂದರೆ ಕಾರ್ಮಿಕ ಇಲಾಖೆಗೆ ನೀವೇ ಬರೆಯಿರಿ: ಶಾಲೆಯ ಚೀಟಿ ತಂದ ತಾಯಿಗೆ, ತಂದೆಗೆ ವರ್ಷಕ್ಕೆ ಎರಡು ಸಲ ಎರಡು ಗಂಟೆ ಸಂಬಳ ಕಡಿಯದೆ ಪರ್ಮಿಷನ್ ಕೊಡಿಸಿ ಅಂತ. ಫ್ಯಾಕ್ಟರಿಯವರು ನನ್ನ ಮಾತು ಕೇಳಲ್ಲ, ನಿಮ್ಮ ಕಾಗದ ನೋಡುತ್ತಾರೆ.

ಆ ಸಭೆಯಲ್ಲಿ ಶಾಮಿಯಾನ ಬೇಡ, ಶಾಲು ಬೇಡ. ಒಂದೊಂದು ಮಗುವಿಗೆ ಐದು ನಿಮಿಷ, ಮಗುವನ್ನೂ ಪಕ್ಕದಲ್ಲಿ ಕೂರಿಸಿಕೊಂಡು, ನೋಟ್ ಬುಕ್ ತೆರೆದಿಟ್ಟುಕೊಂಡು. ಏನು ಬರುತ್ತದೆ, ಏನು ಬರಲ್ಲ, ಮನೆಯಲ್ಲಿ ಯಾವ ಒಂದು ಕೆಲಸ ಮಾಡಬೇಕು. 30 ಮಕ್ಕಳಿಗೆ ಎರಡೂವರೆ ಗಂಟೆ ಆಗುತ್ತದೆ, ಲೆಕ್ಕ ಹಾಕಿ ನೋಡಿದ್ದೇನೆ. ನಾವು ಸಾಲಿನಲ್ಲಿ ಕಾಯುತ್ತೇವೆ, ರೇಷನ್ ಅಂಗಡಿ ಮುಂದೆ ಕಾಯಲ್ವಾ? ಬೈಯುವುದಿದ್ದರೆ ಆ ಐದು ನಿಮಿಷದಲ್ಲಿ, ನಮ್ಮೊಬ್ಬರಿಗೇ ಕೇಳುವ ಹಾಗೆ ಬೈಯಲಿ. ನಲಿ-ಕಲಿ ಮಕ್ಕಳ ಪೋಷಕರಿಗೆ ಜೂನ್‌ನಲ್ಲೇ ಕ್ಲಾಸಿನೊಳಗೆ ಕೂರಿಸಿ ತೋರಿಸಲಿ.

ಪ್ರಗತಿ ಪತ್ರದಲ್ಲಿ ಗ್ರೇಡಿನ ಪಕ್ಕ ಎರಡು ಸಾಲು ಆಡುವ ಕನ್ನಡದಲ್ಲಿ ಬರೆಸಿ. ಓದಲು ಬಾರದವರಿಗೆ ಅದನ್ನೇ ವಾಯ್ಸ್ ಮೆಸೇಜ್ ಮಾಡಿ ಕಳಿಸಿದರೆ ಸಾಕು. ಅದಕ್ಕೆ ಖರ್ಚೂ ಇಲ್ಲ. ನಮ್ಮ ಶಾಲೆಯಲ್ಲಿ ಮನೆಮಾತು ತಮಿಳು, ತೆಲುಗು, ಉರ್ದು ಇರುವ ಮಕ್ಕಳಿದ್ದಾರೆ. ಆ ಭಾಷೆ ಬರುವ ಪೋಷಕರು ಎಸ್‌ಡಿಎಂಸಿಯಲ್ಲೇ ಸಿಗುತ್ತಾರೆ, ಅವರ ಕೈಯಲ್ಲಿ ಹೇಳಿಸಬಹುದು.

ಇನ್ನು ಎಸ್‌ಡಿಎಂಸಿ ರಿಜಿಸ್ಟರ್ ಮನೆಗೆ ಬರುವುದು ನಿಲ್ಲಬೇಕು. ಸಭೆಯಲ್ಲಿ ಕಾಂಪೌಂಡಿನ ಮಾತು ಮುಗಿದ ಮೇಲೆ ಯಾವ ಕ್ಲಾಸಿನಲ್ಲಿ ಎಷ್ಟು ಮಕ್ಕಳಿಗೆ ಓದಲು ಬರುತ್ತದೆ ಅನ್ನುವುದೂ ಒಂದು ವಿಷಯವಾಗಿ ಬರಲಿ. ನಾನಂತೂ ಮುಂದಿನ ಸಲ ಸಭೆ ಇಲ್ಲದೆ ಸಹಿ ಹಾಕಲ್ಲ ಅಂತ ಹೆಡ್ ಮಿಸ್ಸಿಗೆ ಹೇಳಿದ್ದೇನೆ. ಅವರು ಬೇಜಾರು ಮಾಡಿಕೊಳ್ಳಲಿಲ್ಲ. 'ನೀವೆಲ್ಲ ಬರೋ ಹೊತ್ತು ಹೇಳಿ, ನಾನೂ ಬರ್ತೀನಿ' ಅಂದರು.

ಈ ಪತ್ರದಲ್ಲಿ ನನ್ನ ಹೆಸರು ಹಾಕಿಲ್ಲ, ಶಾಲೆಯ ಹೆಸರೂ ಬರೆದಿಲ್ಲ. ಬರೆದರೆ ನಾಳೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಆಫೀಸಿನಿಂದ ಶಾಲೆಗೆ ನೋಟಿಸ್ ಬರುತ್ತದೆ, ಆ ಗಣಿತದ ಮಿಸ್ಸು ಸಮಜಾಯಿಷಿ ಬರೆಯುತ್ತಾ ಕೂರಬೇಕಾಗುತ್ತದೆ. ಅವರಿಗೆ ಬೇರೆ ಕೆಲಸ ಇದೆ. ಹುಡುಗನಿಗೆ ಇನ್ನೂ ಭಾಗಾಕಾರ ಬರಬೇಕು.

ಏಪ್ರಿಲ್‌ಗೆ ಶಾಲೆ ಮುಗಿಯುತ್ತದೆ. ಅದಕ್ಕೆ ಮುಂಚೆ ಒಂದು ಭಾನುವಾರ ಬೆಳಗ್ಗೆ ಹತ್ತು ಗಂಟೆಗೆ ಕರೆಸಿ ನೋಡಿ. ನಾನು ಬರುತ್ತೇನೆ. ಎದುರು ಶೆಡ್ಡಿನವಳನ್ನೂ ಕರೆದುಕೊಂಡು ಬರುತ್ತೇನೆ. ಆವತ್ತು ಎಲ್ಲರ ಮುಂದೆ ನಿಂತಿದ್ದಳಲ್ಲ, ಆಕೆಯ ಮನೆ ನಮ್ಮ ಹಿಂದಿನ ಬೀದಿಯಲ್ಲೇ ಇದೆ. ಅಲ್ಲಿಗೂ ಹೋಗಿ ಕರೆಯುತ್ತೇನೆ.

ಇಂತಿ,
ಐದನೇ ಕ್ಲಾಸು ಮತ್ತು ಎರಡನೇ ಕ್ಲಾಸಿನ ಇಬ್ಬರು ಮಕ್ಕಳ ತಾಯಿ,
ಸುಂಕದಕಟ್ಟೆ, ಬೆಂಗಳೂರು